ಮನೆಯೊಳಗಿನ ಹಿಂಸೆಯಿಂದ ಹೊರಬರಲು: ಹಾಸನ ಜಿಲ್ಲೆಯ ಮಹಿಳೆಯರಿಗೆ ಹಂತ ಹಂತದ ಮಾರ್ಗದರ್ಶಿ

ಈ ಸಾಲುಗಳನ್ನು ಓದುತ್ತಿರುವ ಹೊತ್ತಿನಲ್ಲೇ ನಿಮಗಾಗಲಿ ನಿಮ್ಮ ಮಕ್ಕಳಿಗಾಗಲಿ ಪೆಟ್ಟು ಬೀಳುವ ಭಯವಿದ್ದರೆ ಮುಂದಿನದನ್ನು ಆಮೇಲೆ ಓದಿ. ಮೊದಲು 112ಕ್ಕೆ ಕರೆ ಮಾಡಿ, ಊರಿನ ಹೆಸರನ್ನೂ ಮನೆಗೆ ಗುರುತಾಗುವ ಶಾಲೆ, ದೇವಸ್ಥಾನ ಅಥವಾ ತೋಟದ ಹೆಸರನ್ನೂ ಹೇಳಿ. ಪೊಲೀಸರು ಬರುವುದು ಸದ್ಯಕ್ಕೆ ಬೇಡ, ಯಾರೊಂದಿಗಾದರೂ ಮಾತನಾಡಿದರೆ ಸಾಕು ಎನ್ನಿಸಿದರೆ 181 ಮಹಿಳಾ ಸಹಾಯವಾಣಿ ಇದೆ. ಎರಡೂ ಹಗಲಿರುಳು ಕೆಲಸ ಮಾಡುತ್ತವೆ, ಎರಡಕ್ಕೂ ಹಣ ತಗಲುವುದಿಲ್ಲ. ನಿಮ್ಮ ಫೋನನ್ನು ಮನೆಯವರು ತೆಗೆದು ನೋಡುತ್ತಾರೆಂದಾದರೆ, ಮಾತು ಮುಗಿದ ಮೇಲೆ ಕರೆಗಳ ಪಟ್ಟಿಯಿಂದ ಆ ಸಂಖ್ಯೆಯನ್ನು ಅಳಿಸಿಬಿಡಿ.

ಅರಸೀಕೆರೆಯ ತೆಂಗಿನ ತೋಟದ ಮನೆಯಲ್ಲಿ, ಸಕಲೇಶಪುರದ ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಹಾಸನ ನಗರದ ಬಾಡಿಗೆ ಮನೆಯಲ್ಲಿ ನಡೆಯುವ ಹಿಂಸೆಗೆ ಹೆಚ್ಚು ವ್ಯತ್ಯಾಸವಿಲ್ಲ; ಆದರೆ ಹೊರಬರುವ ದಾರಿ ಮೂವರಿಗೂ ಬೇರೆ ಬೇರೆಯಾಗಿ ಕಾಣುತ್ತದೆ. ಇಂತಹ ಹೆಣ್ಣುಮಕ್ಕಳ ಜೊತೆ ಕಚೇರಿಗಳನ್ನು ಹತ್ತಿ ಇಳಿದ ಅನುಭವದಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಒಂದೇ ಚಿತ್ರ. ಮೊದಲು ತವರಿನ ಹಿರಿಯರು ಪಂಚಾಯಿತಿ ಸೇರಿಸುತ್ತಾರೆ. ಅದು ಮುರಿದಾಗ ಠಾಣೆಗೆ ಅರ್ಜಿ ಹೋಗುತ್ತದೆ. ಠಾಣೆಯಲ್ಲಿ ಗಂಡನಿಂದ ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳುಹಿಸುತ್ತಾರೆ. ಆ ಮುಚ್ಚಳಿಕೆ ಠಾಣೆಯ ಕಡತದಲ್ಲಿ ಉಳಿಯುತ್ತದೆ. ಹೆಂಡತಿಯ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ನಾಲ್ಕು ವರ್ಷದ ಮೇಲೆ ಅವಳು ವಕೀಲರ ಮುಂದೆ ಕುಳಿತಾಗ, ಅನುಭವಿಸಿದ್ದಕ್ಕೆಲ್ಲ ಬಾಯಿಮಾತೇ ಆಧಾರವಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎಷ್ಟು ಬಾರಿ ಬೇಕಾದರೂ ಹೇಳುತ್ತೇನೆ: ಯಾವ ಬಾಗಿಲಿಗೆ ಹೋದರೂ ದಿನಾಂಕವಿರುವ ಒಂದು ಕಾಗದವನ್ನು ಕೈಯಲ್ಲಿ ಹಿಡಿದೇ ಹೊರಗೆ ಬನ್ನಿ.

ಮೊದಲ ಹೆಜ್ಜೆ: ನಡೆಯುತ್ತಿರುವುದು ಹಿಂಸೆ ಎಂದು ಗುರುತಿಸುವುದು

2005ರಲ್ಲಿ ಸಂಸತ್ತು ಅಂಗೀಕರಿಸಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯು ಹೊಡೆತವನ್ನು ಮಾತ್ರ ಹಿಂಸೆ ಎನ್ನುವುದಿಲ್ಲ. ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಹಾಗೂ ಆರ್ಥಿಕ ಎಂದು ನಾಲ್ಕು ಬಗೆಯ ಹಿಂಸೆಯನ್ನು ಅದು ಹೆಸರಿಸುತ್ತದೆ. ಗಂಡುಮಗು ಹುಟ್ಟಲಿಲ್ಲವೆಂದು ದಿನವೂ ಹಂಗಿಸುವುದು, ನಿಮ್ಮ ಕೂಲಿಯನ್ನು ಕಿತ್ತುಕೊಳ್ಳುವುದು, ತವರಿನಿಂದ ತಂದ ಒಡವೆಯನ್ನು ನಿಮ್ಮನ್ನು ಕೇಳದೆ ಗಿರವಿ ಇಡುವುದು, ಮನೆಗೆ ರೇಷನ್ ತರದೆ ಉಪವಾಸ ಕೆಡವುವುದು, ಇಷ್ಟವಿಲ್ಲದಿದ್ದರೂ ಬಲವಂತವಾಗಿ ಮೈಮೇಲೆ ಬೀಳುವುದು, ಇವೆಲ್ಲವೂ ಈ ಕಾಯ್ದೆಯ ವ್ಯಾಪ್ತಿಯಲ್ಲಿ ಬರುತ್ತವೆ. ಗಂಡ ಹೆಂಡಿರ ನಡುವಿನ ಲೈಂಗಿಕ ಬಲಾತ್ಕಾರವನ್ನು ಬಾಯಿ ಬಿಟ್ಟು ಹೇಳಲು ನಾಚಿಕೆಪಟ್ಟು ಅರ್ಜಿಯಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಅದನ್ನು ಬರೆಸಿ, ಈ ಕಾಯ್ದೆಯ ವಿಚಾರಣೆಯನ್ನು ಮುಚ್ಚಿದ ಬಾಗಿಲ ಒಳಗೆ ನಡೆಸಲು ಅವಕಾಶವಿದೆ, ನೀವು ಅದನ್ನು ಕೋರಬಹುದು.

ಕಾಯ್ದೆ ಇರುವುದು ಹೆಂಡತಿಗೆ ಮಾತ್ರವಲ್ಲ. ಮಗನಿಂದ ಪೆಟ್ಟು ತಿನ್ನುವ ತಾಯಿ, ಅಣ್ಣತಮ್ಮಂದಿರ ಮನೆಯಲ್ಲಿರುವ ಅವಿವಾಹಿತ ಸಹೋದರಿ, ಗಂಡ ತೀರಿಕೊಂಡ ಮೇಲೆ ಮಾವನ ಮನೆಯಲ್ಲಿ ಉಳಿದ ಸೊಸೆ, ಮದುವೆಯಾಗದೆಯೂ ಗಂಡಹೆಂಡಿರಂತೆ ಬಾಳಿದ ಹೆಂಗಸು, ಇವರೆಲ್ಲರೂ ಅರ್ಜಿ ಹಾಕಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ಅತ್ತೆ, ನಾದಿನಿಯಂತಹ ಹೆಂಗಸರನ್ನೂ ಎದುರುದಾರರನ್ನಾಗಿ ಮಾಡಲು ಅಡ್ಡಿಯಿಲ್ಲ. ವಯಸ್ಸಾದ ತಾಯಂದಿರಿಗೆ ಇನ್ನೊಂದು ದಾರಿಯೂ ಇದೆ: ಪೋಷಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆಗಾಗಿ ಇರುವ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು, ನಮ್ಮ ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿ ಹಾಸನದಲ್ಲೂ ಸಕಲೇಶಪುರದಲ್ಲೂ ಇದೆ. ಹಿರಿಯರ ಸಹಾಯವಾಣಿ 14567.

ಎರಡನೆಯ ಹೆಜ್ಜೆ: ಹೊರಡುವ ಮೊದಲಿನ ಸಿದ್ಧತೆ

ಹೆಂಡತಿ ಮನೆ ಬಿಡುತ್ತಾಳೆಂದು ಗಂಡನಿಗೆ ತಿಳಿದ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಆದ್ದರಿಂದ ‘ಕೇಸು ಹಾಕುತ್ತೇನೆ’ ಎಂದು ಜಗಳದ ಮಧ್ಯೆ ಹೇಳಬೇಡಿ. ನಂಬಿಕೆಗೆ ಅರ್ಹರಾದ ಒಬ್ಬರನ್ನು ಮಾತ್ರ ಆರಿಸಿಕೊಳ್ಳಿ. ಅವರು ತವರಿನವರೇ ಆಗಬೇಕೆಂದಿಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಒಬ್ಬ ಗೆಳತಿ, ಇವರ ಮನೆಗೆ ನೀವು ಹೋಗಿ ಬರುವುದನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದೇ ದೊಡ್ಡ ಅನುಕೂಲ. ನೀವು ಇಂಥ ಮಾತನ್ನು ಹೇಳಿದರೆ ಅಥವಾ ಇಂಥ ಸಂದೇಶ ಕಳುಹಿಸಿದರೆ 112ಕ್ಕೆ ಕರೆ ಮಾಡಬೇಕು ಎಂದು ಅವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ‘ನಾಳೆ ಹಿಟ್ಟು ಬೀಸಲು ಬರುತ್ತೇನೆ’ ಎಂಬಂತಹ ಸಾದಾ ಮಾತೇ ಗುರುತಾಗಬಹುದು.

ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಫೋಟೊ ಮತ್ತು ಲಗ್ನಪತ್ರಿಕೆ, ಔಷಧಿ ಚೀಟಿಗಳು, ಇವುಗಳ ಪ್ರತಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆ ನಂಬಿಕಸ್ಥರ ಮನೆಯಲ್ಲಿ ಇಡಿ. ಮೂಲಪತ್ರಗಳನ್ನು ಒಮ್ಮೆಲೇ ಸಾಗಿಸಿದರೆ ಮನೆಯಲ್ಲಿ ಅನುಮಾನ ಹುಟ್ಟುತ್ತದೆ; ಪ್ರತಿ ಸಿಗದಿದ್ದರೆ ಸಂಖ್ಯೆಗಳನ್ನಾದರೂ ಬರೆದುಕೊಳ್ಳಿ. ಆಧಾರ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲ ಮಾತ್ರ ಹೊರಡುವ ದಿನ ಮೈಮೇಲೆ ಇರಲಿ, ಏಕೆಂದರೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ಸಾಕು. ಕೈಯಲ್ಲಿ ಒಂದು ರೂಪಾಯಿ ಇಲ್ಲದವಳೂ ಹೆತ್ತೂರಿನಿಂದ ಹಾಸನಕ್ಕೆ ಬಂದು ಇಳಿಯಬಹುದು ಎನ್ನುವುದು ಸಣ್ಣ ವಿಷಯವಲ್ಲ. ಮಲೆನಾಡಿನ ಕಡೆಯವರು ದಿನದ ಮೊದಲ ಬಸ್ಸು ಮತ್ತು ಕೊನೆಯ ಬಸ್ಸಿನ ಹೊತ್ತನ್ನು ತಿಳಿದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ನಿಂತರೆ ಯಾರ ಮನೆಯಲ್ಲಿ ಉಳಿಯುವುದು ಎಂಬುದನ್ನೂ ಯೋಚಿಸಿಡಿ.

ಫೋನಿನ ವಿಷಯದಲ್ಲಿ ಹುಷಾರಾಗಿರಿ. ನಿಮ್ಮ ವಾಟ್ಸಾಪ್ ಇನ್ನೊಂದು ಸಾಧನಕ್ಕೆ ಜೋಡಣೆಯಾಗಿದೆಯೇ, ನೀವಿರುವ ಜಾಗ ಗೂಗಲ್ ಮ್ಯಾಪ್ಸ್‌ನಲ್ಲಿ ಗಂಡನಿಗೆ ಕಾಣುತ್ತಿದೆಯೇ ಎಂದು ತಿಳಿದವರಿಂದ ನೋಡಿಸಿ. ಆದರೆ ಅದನ್ನು ಮುಚ್ಚುವುದು ಹೊರಟ ದಿನವೇ ಆಗಲಿ. ಮೊದಲೇ ಮುಚ್ಚಿದರೆ ಅದೂ ಸುಳಿವು ಕೊಟ್ಟಂತೆ.

ಮೂರನೆಯ ಹೆಜ್ಜೆ: ಗಾಯಕ್ಕೆ ಚಿಕಿತ್ಸೆ, ಜೊತೆಗೆ ದಾಖಲೆ

ಪೆಟ್ಟು ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಹಾಸನದಲ್ಲಾದರೆ ಎಲ್ಲರೂ ಹಿಮ್ಸ್ ಎನ್ನುವ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಯಾವುದಾದರೂ ಸರಿ. ಪೊಲೀಸ್ ದೂರು ಇಲ್ಲ, ಯಾವುದೇ ವರದಿ ಇಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಈ ಕಾಯ್ದೆಯ ನಿಯಮಗಳೇ ಹೇಳುತ್ತವೆ. ವೈದ್ಯರು ಕೇಳಿದಾಗ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನಬೇಡಿ. ಎಷ್ಟೋ ಜನರ ಪ್ರಕರಣ ಸೋತದ್ದು ಈ ಒಂದು ವಾಕ್ಯದಿಂದ, ಏಕೆಂದರೆ ಅದು ಒಪಿಡಿ ಚೀಟಿಯಲ್ಲಿ ಬರಹವಾಗಿ ಉಳಿದು ಮುಂದೆ ಎದುರು ವಕೀಲರ ಕೈಗೆ ಸಿಗುತ್ತದೆ. ಗಂಡನೇ ಜೊತೆಯಲ್ಲಿ ಬಂದು ನಿಂತಿದ್ದರೆ ‘ಒಳಗಿನ ಗಾಯ ತೋರಿಸಬೇಕು’ ಎಂದು ಹೇಳಿ ನರ್ಸ್ ಒಬ್ಬರನ್ನೇ ಕಾಣಲು ಕೇಳಿ. ಯಾರು, ಯಾವುದರಿಂದ, ಯಾವಾಗ ಹೊಡೆದರು ಎಂಬುದನ್ನು ಬರೆಸಿ, ಎಂ.ಎಲ್‌.ಸಿ. (ಪೊಲೀಸರಿಗೂ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಲು ಕೋರಿ, ಗಾಯದ ಪ್ರಮಾಣಪತ್ರ ಪಡೆಯುವುದು ಹೇಗೆ ಎಂದು ಅಲ್ಲೇ ವಿಚಾರಿಸಿ.

ಗಾಯದ ಫೋಟೊವನ್ನು ಅದೇ ದಿನ ಒಮ್ಮೆ, ಬಾಸುಂಡೆ ಕಂದುಗಟ್ಟಿದ ಎರಡು ಮೂರು ದಿನಗಳ ಮೇಲೆ ಇನ್ನೊಮ್ಮೆ, ಮುಖವೂ ಕಾಣುವಂತೆ ತೆಗೆದು ನಂಬಿಕಸ್ಥರಿಗೆ ಕಳುಹಿಸಿ ನಿಮ್ಮ ಫೋನಿನಿಂದ ಅಳಿಸಬಹುದು. ಆದರೆ ಬೆದರಿಕೆಯ ಧ್ವನಿಮುದ್ರಣ, ಸಂದೇಶ ಇರುವ ಫೋನನ್ನು ಮಾತ್ರ ಮಾರಬೇಡಿ, ಬದಲಾಯಿಸಬೇಡಿ. ನ್ಯಾಯಾಲಯದಲ್ಲಿ ವಿದ್ಯುನ್ಮಾನ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಸಾಧನ ಕೈಯಲ್ಲಿದ್ದರೆ ವಕೀಲರ ಕೆಲಸ ಸುಲಭ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ದಿನಾಂಕ ಹಾಕಿ ಒಂದೆರಡು ಸಾಲು ಬರೆದಿಡುವುದೂ ಉಪಯುಕ್ತ. ದಿನಾಂಕ ನೆನಪಿಲ್ಲದಿದ್ದರೆ ‘ಮಗಳ ಮೂರನೇ ತರಗತಿ ಪರೀಕ್ಷೆಯ ಹಿಂದಿನ ದಿನ’, ‘ಗೌರಿ ಹಬ್ಬದ ರಾತ್ರಿ’ ಎಂದು ಬರೆದರೂ ಸಾಕು.

ನಾಲ್ಕನೆಯ ಹೆಜ್ಜೆ: ರಕ್ಷಣಾಧಿಕಾರಿ ಮತ್ತು ಕೌಟುಂಬಿಕ ಘಟನಾ ವರದಿ

ಇದು ಇಡೀ ದಾರಿಯ ನಡುಗಂಬ. ವಿಚಿತ್ರವೆಂದರೆ ಹೆಚ್ಚಿನವರಿಗೆ ತಿಳಿಯದಿರುವುದೂ ಇದೇ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು, ಅಂದರೆ ಎಲ್ಲರೂ ಸಿಡಿಪಿಒ ಎಂದು ಕರೆಯುವ ಅಧಿಕಾರಿಗಳನ್ನು, ಈ ಕಾಯ್ದೆಯಡಿ ರಕ್ಷಣಾಧಿಕಾರಿಗಳೆಂದು ನೇಮಿಸಲಾಗಿದೆ. ಅಂಗನವಾಡಿಗೆ ಮೊಟ್ಟೆ ಬರುವುದೂ ನಿಮಗೆ ನ್ಯಾಯಾಲಯದ ರಕ್ಷಣೆ ಕೇಳುವ ವರದಿ ಸಿದ್ಧವಾಗುವುದೂ ಒಂದೇ ಕಚೇರಿಯಲ್ಲಿ. ಆದ್ದರಿಂದ ‘ಅಂಗನವಾಡಿ ಕೆಲಸಕ್ಕೆ ಸಿಡಿಪಿಒ ಕಚೇರಿಗೆ ಹೋಗುತ್ತೇನೆ’ ಎಂದು ಹೇಳಿಯೇ ನೀವು ಮನೆಯಿಂದ ಹೊರಡಬಹುದು. ಠಾಣೆಯ ಮೆಟ್ಟಿಲು ಹತ್ತಿದರೆ ಊರೆಲ್ಲ ಮಾತು. ಈ ಕಚೇರಿಯ ಮೆಟ್ಟಿಲಿಗೆ ಆ ಭಾರವಿಲ್ಲ.

ಅಲ್ಲಿ ನೀವು ಕೇಳಬೇಕಾದದ್ದು ಕೌಟುಂಬಿಕ ಘಟನಾ ವರದಿ. ಕಚೇರಿಯಲ್ಲಿ ಅದನ್ನು ಡಿಐಆರ್ ಎನ್ನುತ್ತಾರೆ. ಕಾಯ್ದೆಯ ನಿಯಮಗಳಲ್ಲಿ ಅದು ನಮೂನೆ 1. ಹಿಂಸೆಯ ಬಗೆ, ದಿನಾಂಕ, ಸ್ಥಳ, ಮಾಡಿದವರ ಹೆಸರು, ನಿಮಗೆ ಬೇಕಾದ ಆದೇಶಗಳು, ಲಗತ್ತಿಸುವ ದಾಖಲೆಗಳು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅವಸರದಲ್ಲಿ ‘ಗಂಡ ಕುಡಿದು ಹೊಡೆಯುತ್ತಾನೆ’ ಎಂಬ ಒಂದೇ ಸಾಲಿಗೆ ಇದು ಮುಗಿಯಲು ಬಿಡಬೇಡಿ. ಮೊದಲ ಸಲ ನಡೆದದ್ದು, ಅತಿ ಕೆಟ್ಟದ್ದು, ಕೊನೆಯದು, ಈ ಮೂರನ್ನಾದರೂ ವಿವರವಾಗಿ ಬರೆಸಿ. ಹಣ, ಒಡವೆ, ಜಮೀನಿನ ವಿಷಯವನ್ನು ಬೇರೆಯಾಗಿ ಬರೆಸಿ. ಓದಲು ಬಾರದಿದ್ದರೆ ಓದಿ ಹೇಳಿಸಿಕೊಂಡ ನಂತರವೇ ಸಹಿ ಅಥವಾ ಹೆಬ್ಬೆಟ್ಟು. ಅಧಿಕಾರಿ ಈ ವರದಿಯನ್ನು ನ್ಯಾಯಾಧೀಶರಿಗೆ ಸಲ್ಲಿಸಿ ಪೊಲೀಸ್ ಠಾಣೆಗೂ ಪ್ರತಿ ಕಳುಹಿಸಬೇಕು. ನಿಮ್ಮ ಪ್ರತಿಯನ್ನೂ ಸ್ವೀಕೃತಿ ಮುದ್ರೆಯನ್ನೂ ಕೇಳಿ ಪಡೆಯಿರಿ. ಇದಕ್ಕೆ ಯಾವ ಶುಲ್ಕವೂ ಇಲ್ಲ.

ಸಿಡಿಪಿಒ ಕಚೇರಿಯಲ್ಲಿ ಕೆಲಸದ ಒತ್ತಡ ನಿಜವಾಗಿಯೂ ಇದೆ. ಸಭೆ, ಸಮೀಕ್ಷೆ, ಪ್ರವಾಸಗಳ ನಡುವೆ ‘ಮುಂದಿನ ವಾರ ಬನ್ನಿ’ ಎಂಬ ಮಾತು ಕೇಳಿಬರುತ್ತದೆ. ಹಾಗಾದರೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕಚೇರಿಯ ಸ್ವೀಕೃತಿ ಪಡೆದು, ಅದರ ಪ್ರತಿಯೊಂದಿಗೆ ಜಿಲ್ಲಾ ಕೇಂದ್ರದಲ್ಲಿರುವ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರನ್ನು ಕಾಣಿ. ಸಕಾರಣವಿಲ್ಲದೆ ಕರ್ತವ್ಯ ಮಾಡದ ರಕ್ಷಣಾಧಿಕಾರಿಗೂ ಈ ಕಾಯ್ದೆಯಲ್ಲಿ ಶಿಕ್ಷೆಯಿದೆ. ಹಾಗೆಂದು ಈ ವರದಿಗಾಗಿ ಕಾದು ಕಾದು ಸೋಲಬೇಕಾಗಿಲ್ಲ. ವರದಿ ಇಲ್ಲದಿದ್ದರೂ ನ್ಯಾಯಾಧೀಶರು ಆದೇಶ ನೀಡಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಐದನೆಯ ಹೆಜ್ಜೆ: ತಲೆಯ ಮೇಲೊಂದು ಸೂರು

ಮನೆಗೆ ಹಿಂತಿರುಗುವ ಸ್ಥಿತಿ ಇಲ್ಲದಿದ್ದರೆ ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್ ಮೊದಲ ಆಸರೆ. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಯೋಜನೆಯಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಆಪ್ತಸಮಾಲೋಚನೆ, ಕಾನೂನು ಸಲಹೆ ಮತ್ತು ತಾತ್ಕಾಲಿಕ ವಾಸ ಒಂದೇ ಸೂರಿನಡಿ ಸಿಗಬೇಕೆಂಬುದು ಉದ್ದೇಶ. ಇಲ್ಲಿ 5 ದಿನಗಳವರೆಗೆ ಉಳಿಯಬಹುದು. 181ಕ್ಕೆ ಕರೆ ಮಾಡಿದರೆ ಅಲ್ಲಿಂದಲೇ ಸಖಿಗೆ ಸಂಪರ್ಕ ಕಲ್ಪಿಸುತ್ತಾರೆ. ಮಕ್ಕಳು ಜೊತೆಗಿದ್ದರೆ ಮೊದಲೇ ತಿಳಿಸಿ. ದೊಡ್ಡ ಗಂಡುಮಕ್ಕಳನ್ನು ಇರಿಸಿಕೊಳ್ಳಲು ವಯಸ್ಸಿನ ಮಿತಿ ಇರುವುದರಿಂದ ಅವರಿಗೆ ಬೇರೆ ವ್ಯವಸ್ಥೆ ಆಗಬೇಕಾಗುತ್ತದೆ, ಬಾಗಿಲಿಗೆ ಬಂದ ಮೇಲೆ ಅದು ತಿಳಿದರೆ ತಾಯಿ ಮಗನನ್ನು ಬಿಡಲಾರದೆ ವಾಪಸು ಹೋಗಿಬಿಡುತ್ತಾಳೆ. ಐದು ದಿನಗಳ ನಂತರವೂ ಆಸರೆ ಬೇಕಿದ್ದರೆ ಹಿಂದೆ ಸ್ವಾಧಾರ ಗೃಹ ಎಂದಿದ್ದು ಈಗ ಶಕ್ತಿ ಸದನ ಎನಿಸಿಕೊಂಡಿರುವ ಕೇಂದ್ರಗಳಿಗೆ ಸಖಿಯವರೇ ಕಳುಹಿಸುತ್ತಾರೆ. ಅಂಥ ಕೇಂದ್ರ ಪಕ್ಕದ ಜಿಲ್ಲೆಯಲ್ಲಿದ್ದರೂ ಬೇಡ ಎನ್ನಬೇಡಿ. ಗಂಡನ ಕಡೆಯವರು ಪ್ರಭಾವಿಗಳಾಗಿರುವ ಊರಿನಿಂದ ಸ್ವಲ್ಪ ದೂರವಿರುವುದು ಒಳ್ಳೆಯದೇ.

ಮನೆ ಬಿಟ್ಟು ಬಂದರೆ ಮನೆಯ ಮೇಲಿನ ಹಕ್ಕು ಹೋಯಿತು ಎಂಬ ಭಯ ಅನೇಕರಲ್ಲಿದೆ. ಅದು ತಪ್ಪು. ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕಾಯ್ದೆಯ 17ನೇ ಕಲಮು ಕೊಡುತ್ತದೆ, ಮನೆ ನಿಮ್ಮ ಹೆಸರಿನಲ್ಲಿ ಇರಬೇಕಾಗಿಲ್ಲ. ಮನೆ ಮಾವನ ಹೆಸರಿನಲ್ಲಿದೆ ಎಂಬ ಕಾರಣಕ್ಕಷ್ಟೇ ಸೊಸೆಯ ಈ ಹಕ್ಕು ಇಲ್ಲವಾಗುವುದಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಅಲ್ಲಿಗೆ ಮರಳಲು ಭಯವಾದರೆ ಅದೇ ಮಟ್ಟದ ಬೇರೆ ಮನೆಯನ್ನು ಅಥವಾ ಅದರ ಬಾಡಿಗೆಯನ್ನು ಗಂಡನಿಂದ ಕೊಡಿಸುವಂತೆ ಕೇಳಬಹುದು. ಗಂಡನ ಕೆಲಸದ ಮೇಲೆ ಸಿಕ್ಕ ಲೈನ್ ಮನೆಯಲ್ಲಿರುವವರು ಈ ಎರಡನೆಯ ಬೇಡಿಕೆಯನ್ನೇ ಮುಂದಿಡುವುದು ಜಾಣತನ ಎಂದು ನನ್ನ ಅಭಿಪ್ರಾಯ. ತೋಟದ ಮಾಲೀಕರನ್ನೂ ರೈಟರನ್ನೂ ಎದುರು ಹಾಕಿಕೊಂಡು ಅದೇ ಸಾಲಿನಲ್ಲಿ ಬದುಕುವುದು ಕಷ್ಟ.

ಆರನೆಯ ಹೆಜ್ಜೆ: ಖರ್ಚಿಲ್ಲದ ವಕೀಲರು ಮತ್ತು ನ್ಯಾಯಾಲಯದ ಅರ್ಜಿ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವುದೇ ಮಹಿಳೆಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ, ಆದಾಯದ ಮಿತಿಯಿಲ್ಲ. ಹಾಸನದಲ್ಲಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ತಾಲ್ಲೂಕಿನಲ್ಲಾದರೆ ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಸಹಾಯವಾಣಿ 15100. ನೇಮಕವಾದ ವಕೀಲರು ಹಣ ಕೇಳಿದರೆ ಅಥವಾ ವಾಯಿದೆಗಳಿಗೆ ಬರದಿದ್ದರೆ ಅದೇ ಪ್ರಾಧಿಕಾರಕ್ಕೆ ಬರೆದು ಬೇರೆಯವರನ್ನು ಕೋರಬಹುದು, ಸಂಕೋಚ ಬೇಡ.

ಅರ್ಜಿಯನ್ನು ನೀವು ಕಾಯಂ ಆಗಿ ಅಥವಾ ತಾತ್ಕಾಲಿಕವಾಗಿ ವಾಸವಿರುವ ಸ್ಥಳದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲೇ ಹಾಕಬಹುದು. ಬೆಂಗಳೂರಿನಲ್ಲಿ ಗಂಡನ ಮನೆ ಬಿಟ್ಟು ಚನ್ನರಾಯಪಟ್ಟಣದ ತವರಿಗೆ ಬಂದವಳು ಚನ್ನರಾಯಪಟ್ಟಣದಲ್ಲೇ ಹಾಕಲಿ. ಅಸ್ಸಾಮಿನಿಂದಲೋ ತಮಿಳುನಾಡಿನಿಂದಲೋ ಕಾಫಿ ಕೊಯ್ಲಿಗೆ ಬಂದು ತೋಟದಲ್ಲಿ ನೆಲೆಸಿದ ಹೆಣ್ಣುಮಗಳಿಗೂ ಇದೇ ಹಕ್ಕು ಇದೆ. ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಮಿನಡಿ ಅರ್ಜಿ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ನಡೆಯಬೇಕು, ಅಲ್ಲಿಂದ 60 ದಿನಗಳೊಳಗೆ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಬಹಳಷ್ಟು ಪ್ರಕರಣಗಳು ಇದಕ್ಕಿಂತ ತುಂಬಾ ಎಳೆಯುತ್ತವೆ. ಅದಕ್ಕಾಗಿಯೇ 23ನೇ ಕಲಮಿನಡಿ ಮಧ್ಯಂತರ ಆದೇಶದ ಅರ್ಜಿಯನ್ನು ಮೊದಲ ದಿನವೇ ಜೊತೆಗೆ ಹಾಕುವಂತೆ ವಕೀಲರಿಗೆ ಹೇಳಿ. ಪರಿಸ್ಥಿತಿ ತೀವ್ರವಾಗಿದ್ದರೆ ಗಂಡನ ಹಾಜರಿಗೆ ಕಾಯದೆ ಏಕಪಕ್ಷೀಯವಾಗಿಯೂ ಆದೇಶ ಸಿಗಬಹುದು.

ಏನೇನು ಕೇಳಬಹುದು ಎಂಬುದು ಗೊತ್ತಿದ್ದರೆ ಮಾತ್ರ ಕೇಳಲು ಸಾಧ್ಯ. ನಿಮ್ಮ ಹತ್ತಿರ, ನೀವು ಕೆಲಸ ಮಾಡುವ ಜಾಗದ ಹತ್ತಿರ, ಮಕ್ಕಳ ಶಾಲೆಯ ಹತ್ತಿರ ಸುಳಿಯದಂತೆ ರಕ್ಷಣಾ ಆದೇಶ. ಮನೆಯಿಂದ ಹೊರಹಾಕದಂತೆ ವಾಸದ ಆದೇಶ. ಜೀವನಾಂಶ ಮತ್ತು ಚಿಕಿತ್ಸೆಯ ಖರ್ಚು. ಮಕ್ಕಳ ತಾತ್ಕಾಲಿಕ ಸುಪರ್ದಿ. ಮಾನಸಿಕ ಯಾತನೆಗೆ ಪರಿಹಾರ. ನಿಮ್ಮ ಸ್ತ್ರೀಧನದ ಒಡವೆ, ಪಾತ್ರೆ, ಬಟ್ಟೆ, ದಾಖಲೆಗಳ ವಾಪಸಾತಿ. ಇವನ್ನೆಲ್ಲ ಒಂದೇ ಅರ್ಜಿಯಲ್ಲಿ ಕೋರಬಹುದು.

ಜೀವನಾಂಶದ ಮಾತು ಬಂದಾಗ ನಮ್ಮ ಕಡೆಯ ಗಂಡಂದಿರ ಉತ್ತರ ಒಂದೇ: ‘ನನಗೆ ಆದಾಯವಿಲ್ಲ, ಜಮೀನು ಅಪ್ಪನದು.’ ಇದಕ್ಕೆ ತಯಾರಾಗಿಯೇ ಹೋಗಬೇಕು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಸಲ್ಲಿಸಬೇಕು. ಜೀವನಾಂಶವೂ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗುತ್ತದೆ. ಅವನು ಬರೆದದ್ದು ಸುಳ್ಳೆಂದು ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಯಾರು ಬೇಕಾದರೂ ನಾಡಕಚೇರಿಯಲ್ಲಿ ಪಡೆಯಬಹುದು. ಹಾಲಿನ ಡೈರಿಯ ಬಟವಾಡೆ ಚೀಟಿ, ಕಾಫಿ ಮಾರಿದ ರಸೀದಿ, ಕೊಬ್ಬರಿ ಅಥವಾ ಆಲೂಗಡ್ಡೆ ಹಾಕಿದ ಮಂಡಿಯ ಚೀಟಿ, ಟ್ರ್ಯಾಕ್ಟರ್ ಸಾಲದ ಕಾಗದ, ಇವುಗಳ ಫೋಟೊ ಮನೆಯಲ್ಲಿರುವಾಗಲೇ ತೆಗೆದಿಟ್ಟವರು ಮುಂದೆ ಕಡಿಮೆ ಕಷ್ಟಪಡುತ್ತಾರೆ. ಗಂಡ ಎಸ್ಟೇಟಿನಲ್ಲೋ ಕಾರ್ಖಾನೆಯಲ್ಲೋ ಸಂಬಳಕ್ಕಿದ್ದರೆ, ಅವನು ಜೀವನಾಂಶ ಕಟ್ಟದೆ ಬಾಕಿ ಉಳಿಸಿಕೊಂಡಾಗ ಸಂಬಳದ ಒಂದು ಭಾಗವನ್ನು ನೇರವಾಗಿ ನಿಮಗೆ ಕೊಡುವಂತೆ ಮಾಲೀಕರಿಗೇ ಆದೇಶಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಈ ಅವಕಾಶವನ್ನು ಕೋರುವವರು ವಿರಳ.

ಆದೇಶದ ಪ್ರತಿ ಉಚಿತವಾಗಿ ಸಿಗುತ್ತದೆ. ಮೇಲ್ಮನವಿಗೆ 30 ದಿನಗಳ ಅವಧಿ ಇದೆ.

ಏಳನೆಯ ಹೆಜ್ಜೆ: ಪೊಲೀಸ್ ಠಾಣೆ

ಮೇಲಿನ ಅರ್ಜಿ ಹಾಕಿದರೆ ಗಂಡ ಜೈಲಿಗೆ ಹೋಗುವುದಿಲ್ಲ. ಅದು ರಕ್ಷಣೆ ಮತ್ತು ಬದುಕಿಗೆ ಸಂಬಂಧಿಸಿದ್ದು. ಕ್ರಿಮಿನಲ್ ಪ್ರಕರಣ ಬೇರೆ. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. 2024ರ ಜುಲೈ 1ಕ್ಕಿಂತ ಹಿಂದೆ ನಡೆದದ್ದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ 498ಎ ಕಲಮು ಅನ್ವಯಿಸುತ್ತದೆ. ಎರಡೂ ದಾರಿಯನ್ನು ಒಟ್ಟಿಗೆ ಹಿಡಿಯಬಹುದು, ಒಂದನ್ನು ಮಾತ್ರ ಆರಿಸಿಕೊಳ್ಳಲೂಬಹುದು. ಯಾವ ಠಾಣೆಗೆ ಹೋದರೂ ‘ನಮ್ಮ ವ್ಯಾಪ್ತಿಯಲ್ಲ’ ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ದೂರನ್ನು ದಾಖಲಿಸಿಕೊಳ್ಳದಿದ್ದರೆ ಲಿಖಿತ ಹಿಂಬರಹ ಕೇಳಿ, ಅದೂ ಸಿಗದಿದ್ದರೆ ದೂರನ್ನು ನೋಂದಾಯಿತ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳುಹಿಸಿ ಅಂಚೆ ರಸೀದಿಯನ್ನು ಜೋಪಾನ ಮಾಡಿ. ಅದರ ನಂತರ ನೇರವಾಗಿ ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆಯುತ್ತದೆ. ದೂರು ಕೊಟ್ಟ ಕೂಡಲೇ ಬಂಧನವಾಗುತ್ತದೆ ಎಂದು ನಂಬಿ ಅದೇ ರಾತ್ರಿ ಮನೆಗೆ ಹಿಂತಿರುಗಬೇಡಿ. ಇಂತಹ ಪ್ರಕರಣಗಳಲ್ಲಿ ಬಂಧನ ತಾನಾಗಿಯೇ ಆಗಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ಹಾಗಾಗಿ ನೋಟಿಸು ಪಡೆದ ಗಂಡ ಸಿಟ್ಟಿನಲ್ಲೇ ಮನೆಯಲ್ಲಿರುವ ಸಾಧ್ಯತೆ ಹೆಚ್ಚು.

ಎಂಟನೆಯ ಹೆಜ್ಜೆ: ರಾಜಿ ಪಂಚಾಯಿತಿ ಬಂದಾಗ

ಅರ್ಜಿ ಹಾಕಿದ ಸುದ್ದಿ ತಿಳಿದ ಎರಡೇ ದಿನಕ್ಕೆ ಊರಿನ ಹಿರಿಯರು, ಜಾತಿಯ ಮುಖಂಡರು, ದೂರದ ನೆಂಟರು ಮನೆಗೆ ಬರುತ್ತಾರೆ. ಅವರಲ್ಲಿ ನಿಜವಾದ ಕಾಳಜಿ ಇರುವವರೂ ಇರುತ್ತಾರೆ. ‘ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು’ ಎಂಬ ಮಾತಿಗೆ ಉತ್ತರ ಕೊಡುವುದು ಕಷ್ಟ. ರಾಜಿಗೆ ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ. ಆದರೆ ಒಪ್ಪುವುದಾದರೆ ಅದು ನ್ಯಾಯಾಲಯದ ಮುಂದೆ, ಲಿಖಿತ ಷರತ್ತುಗಳೊಂದಿಗೆ ಆಗಲಿ. ಅರ್ಜಿಯನ್ನು ಹಿಂಪಡೆದು ಆಮೇಲೆ ಮಾತಾಡೋಣ ಎಂದರೆ ಒಪ್ಪಬೇಡಿ. ನ್ಯಾಯಾಲಯ ಕಳುಹಿಸುವ ಸಮಾಲೋಚನೆಯಲ್ಲಿ ತಾನು ಹೊಡೆದದ್ದಕ್ಕೆ ಸಮರ್ಥನೆ ಹೇಳಲು ಗಂಡನಿಗೆ ಅವಕಾಶವಿಲ್ಲ ಎಂದು ಕಾಯ್ದೆಯ ನಿಯಮಗಳಲ್ಲೇ ಬರೆದಿದೆ. ‘ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ’ ಎಂಬ ಮಾತು ಶುರುವಾದರೆ ಆ ನಿಯಮವನ್ನು ನೆನಪಿಸಿ. ಜಗಲಿಯ ಪಂಚಾಯಿತಿಯಲ್ಲಿ ಇಂತಹ ನಿಯಮ ಯಾವುದೂ ಇಲ್ಲ.

ಕುಡಿತದ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಭಾಗದಲ್ಲಿ ಮದ್ಯವರ್ಜನ ಶಿಬಿರಗಳು ಆಗಾಗ ನಡೆಯುತ್ತವೆ, ಅವುಗಳಿಂದ ಕುಡಿತ ಬಿಟ್ಟು ಬದಲಾದವರನ್ನು ನಾನು ಕಂಡಿದ್ದೇನೆ. ಕುಡಿತ ಬಿಟ್ಟ ಮೇಲೂ ಹೊಡೆಯುವುದನ್ನು ಬಿಡದವರನ್ನೂ ಕಂಡಿದ್ದೇನೆ. ಗಂಡ ಶಿಬಿರಕ್ಕೆ ಸೇರಿದನೆಂಬುದು ಸಂತೋಷದ ವಿಷಯ. ರಕ್ಷಣಾ ಆದೇಶವನ್ನು ಬಿಟ್ಟುಕೊಡಲು ಅದು ಕಾರಣವಲ್ಲ.

ಒಂಬತ್ತನೆಯ ಹೆಜ್ಜೆ: ಹಣ, ಮಕ್ಕಳು, ಮನಸ್ಸು

ಹೊಸ ಬ್ಯಾಂಕಿನಲ್ಲಿ, ಹೊಸ ಮೊಬೈಲ್ ಸಂಖ್ಯೆಯೊಂದಿಗೆ ನಿಮ್ಮೊಬ್ಬರ ಹೆಸರಿನಲ್ಲಿ ಖಾತೆ ತೆರೆಯಿರಿ. ಗೃಹಲಕ್ಷ್ಮಿಯ ಮಾಸಿಕ 2,000 ರೂಪಾಯಿ ನಿಮ್ಮ ಹೆಸರಿಗೆ ಬರುತ್ತಿದ್ದು ಎಟಿಎಂ ಕಾರ್ಡ್ ಗಂಡನ ಬಳಿ ಇದ್ದರೆ ಆ ಕಾರ್ಡನ್ನು ಬ್ಯಾಂಕಿಗೆ ಹೇಳಿ ರದ್ದುಪಡಿಸಿ. ವಿಚ್ಛೇದಿತೆಯರಲ್ಲಿ ಬಡತನ ರೇಖೆಗಿಂತ ಕೆಳಗಿರುವ, 40ರಿಂದ 64 ವರ್ಷದೊಳಗಿನವರಿಗೆ ಮನಸ್ವಿನಿ ಮಾಸಾಶನವಿದೆ. ಸ್ವಂತ ಉದ್ಯೋಗಕ್ಕೆ ಸಹಾಯಧನದ ಸಾಲ ಕೊಡುವ ಉದ್ಯೋಗಿನಿ ಯೋಜನೆಯ ಅರ್ಜಿಯನ್ನೂ ಅದೇ ಸಿಡಿಪಿಒ ಕಚೇರಿಯಲ್ಲಿ ವಿಚಾರಿಸಬಹುದು.

ಮಕ್ಕಳ ಶಾಲೆ ಬದಲಿಸುವಾಗ ವರ್ಗಾವಣೆ ಪತ್ರ ತರಲು ಗಂಡನ ಊರಿಗೆ ಹೋಗಬೇಕಲ್ಲ ಎಂಬ ಆತಂಕ ಸಾಮಾನ್ಯ. ಎಂಟನೆಯ ತರಗತಿಯವರೆಗೆ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವಿನ ಪ್ರವೇಶವನ್ನು ತಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ರಕ್ಷಣಾ ಆದೇಶದಲ್ಲಿ ಶಾಲೆಯ ಹೆಸರಿದ್ದರೆ ಅದರ ಪ್ರತಿಯನ್ನು ಮುಖ್ಯಶಿಕ್ಷಕರಿಗೆ ಕೊಡಿ. ಮಕ್ಕಳ ಮೇಲೇ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಹೊರಗೆ ಬಂದ ಮೇಲೆ ನಿದ್ದೆ ಬರುವುದಿಲ್ಲ, ಬಾಗಿಲ ಸದ್ದಿಗೆ ಎದೆ ಹಾರುತ್ತದೆ, ಕೆಲವರಿಗೆ ಹೊಡೆದವನ ಮೇಲೆಯೇ ಕನಿಕರ ಬರುತ್ತದೆ. ಇವಾವುವೂ ದೌರ್ಬಲ್ಯವಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಹೆಸರು ಹೇಳಬೇಕಾಗಿಲ್ಲ. ಮರಳಿ ಗಂಡನ ಮನೆಗೆ ಹೋದರೂ ನಿಮ್ಮ ಹಕ್ಕುಗಳು ಮುಗಿಯುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ ಬಂದವರನ್ನು ಯಾವ ಕಚೇರಿಯೂ ‘ಆಗಲೇ ಬಂದಿದ್ದಿರಲ್ಲ’ ಎಂದು ಕೇಳಬಾರದು.

ಆದೇಶ ಬಂದ ಮೇಲೆ

ರಕ್ಷಣಾ ಆದೇಶದ ಪ್ರತಿಗಳನ್ನು ಮಾಡಿಸಿ ಒಂದನ್ನು ಠಾಣೆಗೆ, ಒಂದನ್ನು ಸಿಡಿಪಿಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ; ಇನ್ನೊಂದು ನಂಬಿಕಸ್ಥರ ಮನೆಯಲ್ಲಿರಲಿ, ಒಂದರ ಫೋಟೊ ನಿಮ್ಮ ಫೋನಿನಲ್ಲಿರಲಿ. ಆದೇಶ ಮೀರಿ ಗಂಡ ಬಾಗಿಲಿಗೆ ಬಂದರೆ ಅದು ಬೇರೆಯದೇ ಅಪರಾಧ: 1 ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದು ಜಾಮೀನು ರಹಿತ ಅಪರಾಧ, ಮತ್ತು ನಿಮ್ಮೊಬ್ಬರ ಸಾಕ್ಷ್ಯದ ಮೇಲೆಯೇ ನ್ಯಾಯಾಲಯ ಅದನ್ನು ಒಪ್ಪಬಹುದು. ಆಗ 112ಕ್ಕೆ ಕರೆ ಮಾಡಿದಾಗ ‘ಗಂಡ ಹೊಡೆಯುತ್ತಿದ್ದಾನೆ’ ಎನ್ನುವುದರ ಜೊತೆಗೆ ‘ನ್ಯಾಯಾಲಯದ ರಕ್ಷಣಾ ಆದೇಶವಿದೆ, ಅದನ್ನು ಮೀರಿ ಬಂದಿದ್ದಾನೆ’ ಎಂದು ಹೇಳಿ.

ನೆರೆಮನೆಯವರಿಗೆ

ಪಕ್ಕದ ಮನೆಯ ಅಳು ಕೇಳಿಸುವವರಿಗೂ ಒಂದು ಕೆಲಸವಿದೆ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಜಗಳದ ಮಧ್ಯೆ ಒಳನುಗ್ಗುವುದಕ್ಕಿಂತ, ಸಕ್ಕರೆ ಕೇಳುವ ನೆಪದಲ್ಲಿ ಬಾಗಿಲು ತಟ್ಟಿ ಆ ಗಳಿಗೆಯನ್ನು ದಾಟಿಸುವುದು ಒಳ್ಳೆಯದು. ಮರುದಿನ ಅವಳೊಬ್ಬಳೇ ಇರುವಾಗ ‘ಯಾಕೆ ಸಹಿಸಿಕೊಂಡೆ’ ಎಂದು ಕೇಳಬೇಡಿ. ‘ಆಸ್ಪತ್ರೆಗೆ ಹೋಗೋಣವಾ, ನಾನು ಜೊತೆಗೆ ಬರ್ತೀನಿ’ ಎಂದು ಕೇಳಿ. ಅವಳು ಬೇಡ ಎಂದರೆ, ಅವಳ ಕಾಗದಗಳ ಕವರನ್ನು ಇಟ್ಟುಕೊಳ್ಳಲು ನಿಮ್ಮ ಬೀರುವಿನಲ್ಲಿ ಜಾಗವಿದೆ ಎಂದಾದರೂ ಹೇಳಿ ಬನ್ನಿ.